ಒಂಟಿ ಬೂಟು ಮತ್ತು ಭಾವನ ಮೀಸೆ

ಭಾವನ ಮೀಸೆಗೆ ಕುತ್ತು ಬಂದದ್ದು ಸಿನಿಮಾದಿಂದ ಅಂತ ಊರೆಲ್ಲ ಮಾತಾಡಿಕೊಳ್ಳುತ್ತೆ. ಶುದ್ಧ ಸುಳ್ಳು. ಕುತ್ತು ಬಂದದ್ದು ಹಾಸಿಗೆ ಅಂಗಡಿಯ ಜಾಹೀರಾತಿನಿಂದ. ನಾನು ಹೇಳ್ತೀನಿ ಕೇಳಿ.

ಥಿಯೇಟರಿನ ಬಾಲ್ಕನಿಯ ಹಿಂದೆ, ತಲೆ ಬಗ್ಗಿಸಿಕೊಂಡು ಹತ್ತಬೇಕಾದ ಮೆಟ್ಟಿಲಿನ ಮೇಲೆ, ಗೂಡಿನಂಥ ಒಂದು ಕೋಣೆ. ಒಳಗೆ ಸಿನಿಮಾ ಬಿಡುವ ಮೆಷಿನ್ನು, ಒಂದು ಕಂಪ್ಯೂಟರು, ಕಾಲು ಕುಂಟುವ ಒಂದು ಕುರ್ಚಿ, ಗೋಡೆಯಲ್ಲಿ ಒಂದು ಮುಖ ಹಿಡಿಸುವಷ್ಟು ಗಾಜಿನ ಕಿಟಕಿ. ಅಲ್ಲಿ ಕೂತು ಊರಿಗೆ ಸಿನಿಮಾ ತೋರಿಸುವವನೇ ನಮ್ಮ ಆಪರೇಟರು. ಒಳ್ಳೆಯವನು, ಪಾಪದವನು, ಯಾರಾದರೂ ಜೋರಾಗಿ ಸೀನಿದರೂ ತನ್ನದೇ ತಪ್ಪೇನೋ ಅಂತ ಸುತ್ತ ನೋಡುವವನು. ಹಗಲಿಡೀ ಕತ್ತಲಲ್ಲಿ ಕೂರುವ ಕೆಲಸ ಆದ್ದರಿಂದ ಅವನ ಹೆಂಡತಿಯ ಅಣ್ಣ ಅವನಿಗೆ ‘ಕತ್ತಲೆರಾಯ’ ಅಂತ ಹೆಸರಿಟ್ಟಿದ್ದ.

ಆ ಭಾವನದು ಬಸ್ ಸ್ಟಾಂಡಿನ ಎದುರು ಕಟಿಂಗ್ ಶಾಪು. ಅಂಗಡಿಗೆ ಬೋರ್ಡಿಲ್ಲ, ಭಾವನ ಮೀಸೆಯೇ ಬೋರ್ಡು. ಕಪ್ಪಗೆ, ದಪ್ಪಗೆ, ಎರಡೂ ತುದಿ ಮೇಲಕ್ಕೆ ಹುರಿಗೊಂಡು ನಿಂತ ಮೀಸೆ. ಬಂದ ಗಿರಾಕಿ ಕನ್ನಡಿಯಲ್ಲಿ ಅದನ್ನು ತೋರಿಸಿ “ಇದೇ ಥರ ಮಾಡಿ” ಅನ್ನುತ್ತಿದ್ದ. ಭಾವ ಅದಕ್ಕೆ ಹಚ್ಚುವ ಮೇಣವನ್ನೇ ಡಬ್ಬಿಯಲ್ಲಿ ತುಂಬಿ ಮಾರುತ್ತಿದ್ದ. ತಂಗಿಯ ಗಂಡ ಅಂತ ಆಪರೇಟರನಿಗೆ “ಬನ್ನಿ, ಕೂತ್ಕೊಳ್ಳಿ” ಅಂತ ಮರ್ಯಾದೆಯೇನೋ ಕೊಡುತ್ತಿದ್ದ. ಆದರೆ ಆ ಮರ್ಯಾದೆಯ ಹಿಂದೆ ಒಂದು ಕಿಸಕ್ ನಗು ಇದ್ದೇ ಇರುತ್ತಿತ್ತು. ಮದುವೆಯಾದ ದಿನದಿಂದ ಆಪರೇಟರನ ಎದೆಯಲ್ಲಿ ಒಂದೇ ಮುಳ್ಳು: ಭಾವನಿಗೆ ನಾನು ಲೆಕ್ಕಕ್ಕಿಲ್ಲ.

ಇನ್ನು ಸಿನಿಮಾ. ‘ಒಂಟಿ ಬೂಟು’ ಗೊತ್ತಿಲ್ಲದ ಪುಣ್ಯಾತ್ಮರಿಗೆ ಹೇಳಿಬಿಡುತ್ತೇನೆ. ನಾಯಕ ಒಬ್ಬ ಚಪ್ಪಲಿ ಹೊಲಿಯುವವನು. ಮೊದಲನೇ ಭಾಗದಲ್ಲಿ ಗಾಜಿನ ಕಣ್ಣಿನ ಖಳ ಅವನ ಅಣ್ಣನನ್ನು ಕೊಂದು, ಅಣ್ಣನ ಎಡಗಾಲಿನ ಬೂಟು ಕಿತ್ತುಕೊಂಡು ಓಡಿಹೋಗುತ್ತಾನೆ. ಯಾಕೆ ಅಂತ ಕೇಳಬೇಡಿ, ಕೇಳಿದವರನ್ನು ಅಭಿಮಾನಿ ಸಂಘದಿಂದ ತೆಗೆದುಹಾಕಿದ್ದಾರೆ. ಎರಡನೇ ಭಾಗದಲ್ಲಿ ಆ ಬೂಟು ಸಿಕ್ಕಿ ಮತ್ತೆ ಕಳೆದುಹೋಗುತ್ತದೆ. ಮೂರನೇ ಭಾಗಕ್ಕೆ ಸಂಘದವರು ವರ್ಷಗಟ್ಟಲೆ ಬಾಯಿ ಬಾಯಿ ಬಿಟ್ಟುಕೊಂಡು ಕಾದಿದ್ದರು. ಬಿಡುಗಡೆಯ ದಿನ ಊರಲ್ಲಿದ್ದ ಅಷ್ಟೂ ಜನ ಬಲಗಾಲಿಗೆ ಬೂಟು, ಎಡಗಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡು ಟಕ್ ಪಿಚ್, ಟಕ್ ಪಿಚ್ ಅಂತ ಥಿಯೇಟರಿಗೆ ಬಂದರು. ಸಂಘದ ಅಧ್ಯಕ್ಷ ಬೇರೆ ಯಾರು, ಭಾವನೇ.

ಸಂಘಕ್ಕೊಂದು ಕಟ್ಟುನಿಟ್ಟಿನ ನಿಯಮವಿತ್ತು. ಎರಡನೇ ಭಾಗ ಬಂದಾಗ ಯಾರೋ ಬಸ್ಸಿನ ಕ್ಯೂನಲ್ಲಿ ಕ್ಲೈಮ್ಯಾಕ್ಸ್ ಬಾಯಿಬಿಟ್ಟು, ಸಂಘ ಎರಡು ಹೋಳಾಗುವುದೊಂದು ಬಾಕಿಯಿತ್ತು. ಅವತ್ತಿನಿಂದ ಬಿಡುಗಡೆಯಾದ ವಾರವಿಡೀ ಯಾರೂ ಕಥೆ ಎತ್ತುವ ಹಾಗಿಲ್ಲ. “ನೋಡಿದೆ” ಅನ್ನಬಹುದು, “ಅಬ್ಬಾ” ಅನ್ನಬಹುದು, ಅಷ್ಟೇ. ಫೋನಿನಲ್ಲಿ ವಿಮರ್ಶೆ ನೋಡುವುದೂ ಮಹಾಪಾಪ. ವಾರ ಕಳೆದು, ಕಟಿಂಗ್ ಶಾಪಿಗೆ ರಜೆ ಇರುವ ದಿನ, ಶಟರ್ ಅರ್ಧ ಎಳೆದುಕೊಂಡು ಎಲ್ಲರೂ ಕೂತು ಸಿನಿಮಾದ ಗುಣದೋಷ ಜಾಲಾಡಬೇಕು. ಅದಕ್ಕೆ ‘ಬಾಯಿ ಬಿಚ್ಚೋ ದಿನ’ ಅಂತ ಹೆಸರು.

ಈಗ ಹಾಸಿಗೆ ಅಂಗಡಿಗೆ ಬರೋಣ. ಮೊದಲನೇ ಆಟಕ್ಕೆ ಮುಂಚೆ ಮ್ಯಾನೇಜರು ದಡಬಡ ಮೇಲೆ ಹತ್ತಿಬಂದು, “ಇಂಟರ್‌ವಲ್‌ಗೆ ಹಾಸಿಗೆ ಅಂಗಡಿ ಜಾಹೀರಾತು ಸೇರಿಸಯ್ಯಾ, ದುಡ್ಡು ಕೊಟ್ಟಾಗಿದೆ” ಅಂದರು. ಈ ಮ್ಯಾನೇಜರು ಎಂಥ ಆಸಾಮಿ ಅಂದರೆ, ಹಿಂದಿನ ಆಪರೇಟರು ಸ್ವಲ್ಪ ಹೊತ್ತು ದನಿ ಇಲ್ಲದೆ ಸಿನಿಮಾ ಓಡಿಸಿದ್ದಕ್ಕೆ ಅಲ್ಲೇ ನಿಂತ ನಿಲುವಿನಲ್ಲಿ ಮನೆಗೆ ಕಳಿಸಿದ್ದರು. ನಮ್ಮ ಆಪರೇಟರನ ಮನೆಯಲ್ಲಿ ಪಾಪುವಿಗೆ ಹಲ್ಲು ಬರುತ್ತಿತ್ತು. ಮನೆಮಂದಿಗೆಲ್ಲ ನಿದ್ದೆ ಇಲ್ಲ. ಅವನು ತೂಕಡಿಸುತ್ತ ಕಂಪ್ಯೂಟರಿನಲ್ಲಿ ಜಾಹೀರಾತನ್ನು ಮಧ್ಯಕ್ಕೆ ತಳ್ಳಲು ಹೋದ. ಜಾಹೀರಾತು ಮಧ್ಯಕ್ಕೇ ಹೋಯಿತು. ಆದರೆ ಆ ತಳ್ಳಾಟದಲ್ಲಿ ಸಿನಿಮಾದ ಎರಡನೇ ಅರ್ಧ ಮೇಲಕ್ಕೂ ಮೊದಲನೇ ಅರ್ಧ ಕೆಳಕ್ಕೂ ಹೋಗಿ ಕೂತವು.

ಅವನಿಗೆ ಗೊತ್ತಾದದ್ದು ಯಾವಾಗ? ನಾಯಕ ಖಳನನ್ನು ಬಂದರಿನಲ್ಲಿ ಕೊಂದು, ಎರಡೂ ಬೂಟು ಹಾಕಿಕೊಂಡು, ನಿಧಾನವಾಗಿ ಸಮುದ್ರದೊಳಕ್ಕೆ ನಡೆದುಹೋಗಿ, ಪರದೆಯ ಮೇಲೆ ಕೆಲಸ ಮಾಡಿದವರ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಹರಿಯಲು ಶುರುವಾದಾಗ. ಪಟ್ಟನೆ ಹೆಸರು ನಿಲ್ಲಿಸಿ, ಇಂಟರ್‌ವಲ್ ಹಾಕಿ, ಹಾಲಿನ ಲೈಟು ಹೊತ್ತಿಸಿ, ತಲೆಯ ಮೇಲೆ ಕೈ ಹೊತ್ತು ಕಿಟಕಿಯಲ್ಲಿ ನಿಂತುಬಿಟ್ಟ. ಮೂರನೇ ಸಾಲಿನಲ್ಲಿದ್ದ ಭಾವ ಕತ್ತು ತಿರುಗಿಸಿ ಮೇಲೆ ನೋಡಿದ ಹಾಗಾಯಿತು. ಆಪರೇಟರು ಕುಕ್ಕರಗಾಲಲ್ಲಿ ಕೆಳಗೆ ಕೂತ. ನೋಡಿಲ್ಲ ಬಿಡು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಇಂಟರ್‌ವಲ್ ಮುಗಿದು, ಸಿನಿಮಾದ ಟೈಟಲ್ಲು ಆಗ ಬಂತು ನೋಡಿ! ಜನ ಕಣ್ಣು ಕಣ್ಣು ಬಿಟ್ಟರು. ಸಮುದ್ರಕ್ಕೆ ಹೋದ ನಾಯಕ ಒಣಗಿದ ಬಟ್ಟೆಯಲ್ಲಿ ಅಂಗಡಿಯಲ್ಲಿ ಕೂತಿದ್ದಾನೆ. ಸತ್ತ ಖಳ ಚಪ್ಪಲಿ ರಿಪೇರಿಗೆ ಬಂದಿದ್ದಾನೆ. ಹಾಲಿನಲ್ಲಿ ಗುಸುಗುಸು ಎದ್ದಿತು. “ಏಯ್, ಏನ್ರೋ ಇದು” ಅಂತ ಹಿಂದಿನಿಂದ ಯಾರೋ ಕೂಗಿದ. ಅಷ್ಟರಲ್ಲಿ ಮೂರನೇ ಸಾಲಿನಿಂದ ಭಾವ ಎದ್ದು ನಿಂತು, ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದು, “ಅಬ್ಬಬ್ಬಾ! ಏನ್ ತಲೆ ಕಣ್ರೋ ಡೈರೆಕ್ಟ್ರದು! ಕಥೇನ ಉಲ್ಟಾ ಹೇಳ್ತಿದಾನೆ!” ಅಂತ ಗರ್ಜಿಸಿದ. ಅಧ್ಯಕ್ಷನಿಗೇ ಅರ್ಥವಾದ ಮೇಲೆ ತನಗೆ ಅರ್ಥವಾಗಿಲ್ಲ ಅಂತ ಒಪ್ಪಿಕೊಳ್ಳಲು ಯಾರಿಗೆ ಹುಚ್ಚು? ಇಡೀ ಹಾಲು ಚಪ್ಪಾಳೆ ಹೊಡೆಯಿತು.

ಆಟ ಮುಗಿದ ಮೇಲೆ ಮ್ಯಾನೇಜರು ಬಂದು ಆಪರೇಟರನನ್ನು ತಬ್ಬಿಕೊಂಡರು. ಜನರೆಲ್ಲ ಅಬ್ಬಾ ಅಬ್ಬಾ ಅನ್ನುತ್ತ ಹೋದರಂತೆ, ಟಿಕೆಟ್ಟು ಬಿಸಿ ದೋಸೆಯ ಹಾಗೆ ಖರ್ಚಾಗುತ್ತಿದೆಯಂತೆ. ಈಗ ಸರಿಮಾಡಿದರೆ ಮೊದಲನೇ ಆಟ ತಪ್ಪು ಅಂತ ತಾನೇ ಡಂಗುರ ಹೊಡೆದ ಹಾಗೆ. ಮಾಡದಿದ್ದರೆ ಎಲ್ಲ ಆಟವೂ ತಪ್ಪು. ಪಾಪ ಆಪರೇಟರು, ಇಂಗು ತಿಂದ ಮಂಗನ ಹಾಗೆ ಕೂತು ಯೋಚಿಸಿ, ಯೋಚಿಸಿ, ಕೊನೆಗೆ ಹಾಗೇ ಬಿಟ್ಟ. ವಾರವಿಡೀ ಊರು ‘ಒಂಟಿ ಬೂಟು’ ಸಿನಿಮಾದ ಮೂರನೇ ಭಾಗವನ್ನು ತಲೆಕೆಳಗಾಗಿ ನೋಡಿತು. ನಿಯಮದ ಪ್ರಕಾರ ಯಾರೂ ಕಥೆ ಎತ್ತಲಿಲ್ಲ.

ಬಾಯಿ ಬಿಚ್ಚೋ ದಿನ ಬಂತು. ಬೆಳಿಗ್ಗೆ ಕಟಿಂಗ್ ಶಾಪಿನ ತಿರುಗುವ ಕುರ್ಚಿಯಲ್ಲಿ ಭಾವ, ಬೆಂಚಿನ ಮೇಲೆ ಲೆಕ್ಕದ ಮೇಷ್ಟ್ರು, ಪಂಚರ್ ಅಂಗಡಿಯವನು, ಔಷಧಿ ಅಂಗಡಿಯವರು, ಇನ್ನೊಂದಿಷ್ಟು ಟಕ್ ಪಿಚ್‌ಗಳು. ಮೂಲೆಯ ಸ್ಟೂಲಿನಲ್ಲಿ ಆಪರೇಟರು. ಭಾವ ಹೇಳಿಕಳಿಸಿದ್ದ, ಬರದೆ ಇರುವ ಹಾಗಿರಲಿಲ್ಲ.

“ಬನ್ನಿ ಕತ್ತಲೆರಾಯರೇ, ನೀವೂ ಬೆಳಕು ನೋಡಿ,” ಅಂದ ಭಾವ. ಎಲ್ಲರೂ ನಕ್ಕರು.

ಮೊದಲು ಪಂಚರ್ ಅಂಗಡಿಯವನು ಶುರುಮಾಡಿದ. “ಫೈಟು ಸೂಪರ್. ಆದ್ರೆ ಜೀಪಿಗೆ ಅಷ್ಟೊಂದು ಗುಂಡು ಹೊಡೀತಾರೆ, ಒಂದ್ ಟೈರೂ ಢಮ್ ಅನ್ನಲ್ಲ ಅಂದ್ರೆ ಏನರ್ಥ? ನಮ್ಮಂಥೋರ ಹೊಟ್ಟೆ ಮೇಲೆ ಹೊಡೆಯೋ ಸಿನಿಮಾ ಇದು.”

“ಟೈರ್ ಬಿಡೋ, ನಾಯಕನ ಗಡ್ಡ ನೋಡು,” ಅಂದ ಭಾವ. “ಮೊದಲು ಎದೆವರೆಗೆ ಗಡ್ಡ. ಇಂಟರ್‌ವಲ್ ಆದ್ಮೇಲೆ ನುಣ್ಣಗೆ. ಬೇರೆಯವರಾಗಿದ್ರೆ ತಪ್ಪು ಅಂತಿದ್ದೆ. ಇಲ್ಲಿ ಗಡ್ಡ ಒಳಗಡೆ ಬೆಳೆದಿದೆ ಕಣಪ್ಪಾ. ಮನಸ್ಸಿನ ಗಡ್ಡ!”

ಲೆಕ್ಕದ ಮೇಷ್ಟ್ರು ಎದ್ದು, ನೊರೆಯ ಬ್ರಷ್ಷು ತಗೊಂಡು ಕನ್ನಡಿಯ ಮೇಲೆ ಒಂದು ವೃತ್ತ ಎಳೆದರು. “ಇದು ಕಾಲ. ಇಲ್ಲಿ ನಾಯಿ ಸಾಯುತ್ತೆ, ಇಲ್ಲಿ ನಾಯಿಯ ಕತ್ತಿನ ಬೆಲ್ಟು ನಾಯಕನ ಕೈಲಿರುತ್ತೆ. ನಮಗೆ ಬೆಲ್ಟು ಮೊದಲು ಕೊಟ್ಟ, ನಾಯಿ ಆಮೇಲೆ ಕೊಟ್ಟ. ಉತ್ತರ ಕೊಟ್ಟು ಪ್ರಶ್ನೆ ಕೇಳಿದ್ದಾನೆ. ಇಷ್ಟು ವರ್ಷ ಪಾಠ ಮಾಡಿದೀನಿ, ನನಗೇ ಹೊಳೆದಿರಲಿಲ್ಲ.” ಅವರ ಕಣ್ಣಲ್ಲಿ ನೀರು ಬಂದಿತ್ತು.

ಔಷಧಿ ಅಂಗಡಿಯವರು ಇಷ್ಟು ಹೊತ್ತೂ ಹುಬ್ಬು ಗಂಟುಹಾಕಿಕೊಂಡು ಕೂತಿದ್ದರು. ಅವರು ಬಿಡುಗಡೆಯ ಹೊತ್ತಿಗೆ ಅತ್ತೆಮನೆಗೆ ಹೋದವರು, ಸಿನಿಮಾ ಅಲ್ಲಿನ ಥಿಯೇಟರಿನಲ್ಲೇ ನೋಡಿ ಬಂದಿದ್ದರು. “ನನಗೇನೋ ಅಂಥಾ ವಿಶೇಷ ಕಾಣ್ಲಿಲ್ಲಪ್ಪ,” ಅಂದರು. “ಮೊದಲರ್ಧ ಚೆನ್ನಾಗಿತ್ತು. ಕೊನೆ ಮಾತ್ರ ಹಳಸಲು. ಖಳನ್ನ ಕೊಂದ, ಬೂಟು ಹಾಕ್ಕೊಂಡ, ಸಮುದ್ರಕ್ಕೆ ಹೋದ. ಮುಗೀತು.”

ಎಲ್ಲರೂ ಅವರ ಕಡೆ ತಿರುಗಿದರು.

“ಎಲ್ಲಿ ಮುಗೀತು?” ಅಂದರು ಮೇಷ್ಟ್ರು. “ಅದು ಇಂಟರ್‌ವಲ್ಲು.”

“ಯಾರ ಇಂಟರ್‌ವಲ್ಲು? ಅದಾದ್ಮೇಲೆ ನಾವು ಎದ್ದು ಮನೆಗೆ ಹೋದ್ವಿ, ಊಟ ಮಾಡಿದ್ವಿ!”

“ಅರ್ಧಕ್ಕೇ ಎದ್ದು ಹೋಗಿದಾರೆ ನೋಡ್ರೋ,” ಅಂತ ಪಂಚರ್ ಅಂಗಡಿಯವನು ತೊಡೆ ತಟ್ಟಿಕೊಂಡು ನಕ್ಕ.

ಔಷಧಿಯವರ ಮುಖ ಕೆಂಪಗಾಯಿತು. ಅವರು ಕಥೆಯನ್ನು ಅಂಗಡಿ, ನಾಯಿ, ಬೆಂಕಿ, ಬಂದರು, ಸಮುದ್ರ ಅಂತ ಬೆರಳು ಮಡಚಿ ಮಡಚಿ ಹೇಳಿದರು. ಮೇಷ್ಟ್ರು ಕನ್ನಡಿಯ ಮೇಲೆ ‘ಬಂದರು, ಸಮುದ್ರ, ಅಂಗಡಿ, ನಾಯಿ, ಬೆಂಕಿ’ ಅಂತ ಬರೆದರು. ಎರಡೂ ಕಡೆಯವರು ಒಬ್ಬರನ್ನೊಬ್ಬರು ಮಕ್ಕಳ ಹಾಗೆ ಅಣಕಿಸಿಕೊಂಡರು. ಆಮೇಲೆ ಔಷಧಿಯವರು ಕನ್ನಡಕ ಮೂಗಿನ ಮೇಲೆ ಸರಿಮಾಡಿಕೊಂಡು, ಮೂಲೆಯ ಸ್ಟೂಲಿನ ಕಡೆ ತಿರುಗಿದರು.

“ಅಲ್ಲಾ, ಈ ನಮ್ಮ ಆಪರೇಟರೇ ಹಿಂದೆಮುಂದೆ ಹಾಕಿದಾನೋ ಏನೋ?”

ಆಪರೇಟರು ಸ್ಟೂಲನ್ನು ಗೋಡೆಯ ಕಡೆ ಸರಿಸಿಕೊಂಡ. ಎಲ್ಲರ ಕಣ್ಣೂ ಅವನ ಮೇಲೆ.

ಭಾವ ಕುರ್ಚಿಯನ್ನು ಗರ್ರನೆ ತಿರುಗಿಸಿ ಎದ್ದ. “ಯಾರು, ನಮ್ಮ ಕತ್ತಲೆರಾಯರಾ? ಅಷ್ಟು ಚೆನ್ನಾಗಿ ಉಲ್ಟಾ ಹಾಕೋಕೆ ತಲೆ ಬೇಕಲ್ವೇನ್ರೀ! ಮಾತಿಗೊಂದು ಅಳತೆ ಇರ್ಲಿ. ನಾನು ನೋಡಿದ್ದೇ ಸಿನಿಮಾ. ಹಾಗಲ್ಲ ಅಂತಾದ್ರೆ ಈ ಮೀಸೆ ಬೋಳಿಸ್ತೀನಿ!”

“ಅಯ್ಯೋ ಅಧ್ಯಕ್ಷರೇ!” ಅಂತ ಯಾರೋ ಚೀರಿದರು.

“ಆಯ್ತು,” ಅಂದರು ಔಷಧಿಯವರು. “ಇವತ್ತು ಮ್ಯಾಟಿನಿಗೆ ಎಲ್ಲರೂ ಹೋಗೋಣ. ನಾನು ಸೋತರೆ ವರ್ಷವಿಡೀ ಒಂದು ಬೂಟು ಒಂದು ಚಪ್ಪಲಿ ಹಾಕ್ಕೊಂಡು ಔಷಧಿ ಕೊಡ್ತೀನಿ. ನೀವು ಸೋತರೆ ಮೀಸೆ.”

ಆಪರೇಟರು ಮನೆಗೆ ಓಡಿದ. ಹೆಂಡತಿ ಪಾಪುವಿನ ಬಟ್ಟೆ ಒಣಗಹಾಕುತ್ತಿದ್ದಳು. ಇವನು ಉಸಿರು ತೆಗೆಯದೆ ಎಲ್ಲ ಹೇಳಿದ. ಅವಳು ಒಂದು ಕೈಯಲ್ಲಿ ಕ್ಲಿಪ್ಪು ಹಿಡಿದುಕೊಂಡೇ ಹೊಟ್ಟೆ ಹಿಡಿದು ನಕ್ಕಳು. ನಕ್ಕು ನಕ್ಕು ಬಿಕ್ಕಳಿಕೆ ಬಂತು. ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದಳು.

“ಉಲ್ಟಾ ಹಾಕಿದ್ರೆ ಔಷಧಿ ಅಂಗಡಿಯವರು ಫಿಲ್ಮು ಕಳ್ಸಿದೋರಿಗೇ ಫೋನ್ ಮಾಡ್ತಾರೆ, ಕೆಲಸ ಹೋಗುತ್ತೆ,” ಅಂದ ಇವನು. “ಸರಿಯಾಗಿ ಹಾಕಿದ್ರೆ ಭಾವನ ಮೀಸೆ ಹೋಗುತ್ತೆ. ನಾನೇನು ಮಾಡ್ಲೇ?”

“ಮೀಸೆ ಮತ್ತೆ ಬೆಳೆಯುತ್ತೆ ರೀ. ಕೆಲಸ ಬೆಳೆಯಲ್ಲ. ಸರಿಯಾಗಿ ಹಾಕಿ,” ಅಂದಳು. ಆಮೇಲೆ ಒದ್ದೆ ಬಟ್ಟೆ ಹಿಂಡುತ್ತ, ಮೆಲ್ಲಗೆ, “ಆದ್ರೆ ಅಣ್ಣನಿಗೆ ನೀವೇ ಹೇಳ್ಬೇಕು. ನಾನು ಹೇಳಲ್ಲ,” ಅಂದಳು.

ಮ್ಯಾಟಿನಿಗೆ ಹಾಲು ತುಂಬಿತ್ತು. ಗೂಡಿನಲ್ಲಿ ಆಪರೇಟರು ಮೊದಲನೇ ಅರ್ಧವನ್ನು ಮೇಲಕ್ಕೆ, ಎರಡನೆಯದನ್ನು ಕೆಳಕ್ಕೆ ಸರಿಸಿದ. ಸರಿಸಿ, ಮತ್ತೆ ವಾಪಸ್ಸು ಇಟ್ಟ. ಮತ್ತೆ ಸರಿಸಿದ. ಕಿಟಕಿಯಿಂದ ಕೆಳಗೆ ನೋಡಿದರೆ ಮೂರನೇ ಸಾಲಿನಲ್ಲಿ ಭಾವ ಕೂತಿದ್ದಾನೆ, ಹೊಸದಾಗಿ ಮೇಣ ಹಚ್ಚಿದ ಮೀಸೆ ಮಿರಮಿರ ಮಿಂಚುತ್ತಿದೆ. ನನ್ನನ್ನು ಎಷ್ಟೇ ಆಡಿಕೊಳ್ಳಲಿ, ಬೇರೆಯವರ ಬಾಯಿಗೆ ಬಿಟ್ಟುಕೊಡಲಿಲ್ಲವಲ್ಲ ಅಂತ ಇವನಿಗೆ ಅನ್ನಿಸಿತು. ಕೆಳಗಿಳಿದು ಹೋಗಿ ಹೇಳಿಬಿಡಲೇ ಅಂತ ಬಾಗಿಲವರೆಗೆ ಹೋದ. ಅಷ್ಟರಲ್ಲಿ ಮ್ಯಾನೇಜರು ಕೆಳಗಿನಿಂದ ಬೆಲ್ಲು ಒತ್ತಿದರು. ಕಣ್ಣು ಮುಚ್ಚಿಕೊಂಡು ಗುಂಡಿ ಅದುಮಿದ.

ಮೊದಲಿಗೇ ಟೈಟಲ್ಲು ಬಂತು.

ಸಂಘದವರು ಇದ್ದಲ್ಲೇ ಕಲ್ಲಾದರು. ಔಷಧಿಯವರು ಮಾತ್ರ “ಹೇಗೆ?” ಅಂತ ಕೈ ಚಾಚಿ ಕುಣಿದರು. “ಇದೇನಿದು, ನಾವು ನೋಡಿದ್ದು ಹೀಗಿರ್ಲಿಲ್ವಲ್ಲ,” ಅಂತ ಮೇಷ್ಟ್ರು ಎದ್ದು ಹಿಂದಕ್ಕೆ, ಗೂಡಿನ ಕಡೆಗೇ ತಿರುಗಿದರು. ಇನ್ನು ಒಂದು ಗಳಿಗೆ ಕಳೆದಿದ್ದರೆ ಎಲ್ಲ ಮುಖಗಳೂ ಮೇಲೆ ತಿರುಗುತ್ತಿದ್ದವು, ಆಮೇಲೆ ದೇವರೇ ಗತಿ.

ಭಾವ ಎದ್ದು ನಿಂತ. ಮೀಸೆಯ ಮೇಲೆ ಒಂದು ಸಲ ಕೈಯಾಡಿಸಿದ.

“ಓಹೋಹೋ! ಅರ್ಥ ಆಯ್ತು ಕಣ್ರೋ!” ಅಂತ ಹಾಲು ಗಡಗಡ ಅನ್ನುವ ಹಾಗೆ ಕೂಗಿದ. “ಇದು ಎರಡನೇ ವಾರದ ಸಿನಿಮಾ! ಔಷಧಿ ಅಂಗಡಿಯವರಂಥೋರಿಗೆ ತಲೆಗೆ ಹತ್ತಲ್ಲ ಅಂತ ಸುಲಭ ಮಾಡಿ ಕಳ್ಸಿದಾರೆ. ಅವರ ಅತ್ತೆ ಊರಿಗೆ ಮೊದಲನೇ ದಿನದಿಂದಲೂ ಇದನ್ನೇ ಕಳ್ಸಿದಾರೆ, ಪಾಪ. ಬುದ್ಧಿವಂತರದ್ದು ಬಂದಿದ್ದು ನಮ್ಮೂರಿಗೆ ಮಾತ್ರ!”

ಪಂಚರ್ ಅಂಗಡಿಯವನು ಸೀಟಿ ಹೊಡೆದ. ಮೇಷ್ಟ್ರು “ನಾನಾಗಲೇ ಅಂದ್ಕೊಂಡೆ” ಅಂತ ಗತ್ತಿನಿಂದ ಕೂತರು. ಲೋಕದಲ್ಲಿ ಯಾರೂ ನೋಡದ ಸಿನಿಮಾ ತಾವು ನೋಡಿದ್ದೇವೆ ಅಂದ ಮೇಲೆ ಯಾರಿಗೆ ತಾನೇ ಬೇಡ? ಇಡೀ ಸಂಘ ಬಲಗಾಲಿನ ಬೂಟು ನೆಲಕ್ಕೆ ಕುಟ್ಟಿ ಕುಟ್ಟಿ ಸಂಭ್ರಮಿಸಿತು.

“ಅದೆಲ್ಲ ಇರ್ಲಿ ಅಧ್ಯಕ್ಷರೇ,” ಅಂದರು ಔಷಧಿಯವರು, ಬಿಡುವ ಪೈಕಿಯೇ ಅಲ್ಲ. “ನೀವು ನೋಡಿದ್ದೇ ಸಿನಿಮಾ ಅಂದಿದ್ರಿ. ಇದು ಹಾಗಿಲ್ಲ. ಮೀಸೆ?”

“ಮಾತು ಅಂದ್ರೆ ಮಾತು,” ಅಂದ ಭಾವ. ಕೂತು ಪೂರ್ತಿ ಸಿನಿಮಾ ನೋಡಿದ.

ಸಂಜೆ ಅಂಗಡಿಯ ಮುಂದೆ ಜಾತ್ರೆಯಂಥ ಜನ. “ಕತ್ತಲೆರಾಯರೊಬ್ಬರೇ ಒಳಗೆ ಬರ್ಲಿ, ಇದು ಮನೆಯವರ ಕೆಲಸ,” ಅಂತ ಭಾವ ಶಟರ್ ಪೂರ್ತಿ ಎಳೆದ. ತಾನೇ ನೊರೆ ಕಲಸಿದ, ತಾನೇ ಕೊರಳಿಗೆ ಬಟ್ಟೆ ಕಟ್ಟಿಕೊಂಡ, ರೇಜರನ್ನು ಇವನ ಕೈಗೆ ಕೊಟ್ಟು ಕುರ್ಚಿಯಲ್ಲಿ ಒರಗಿದ. ಕನ್ನಡಿಯ ಮೇಲೆ ಮೇಷ್ಟ್ರ ವೃತ್ತ ಇನ್ನೂ ಹಾಗೇ ಒಣಗಿಕೊಂಡಿತ್ತು.

ಆಪರೇಟರು ಬಲಗಡೆಯ ಮೀಸೆ ತೆಗೆದ. ಅದು ಬಟ್ಟೆಯ ಮೇಲೆ ಹುರಿಯಾಗಿಯೇ ಬಿತ್ತು. ಅದನ್ನು ನೋಡಿದ್ದೇ ತಡ ಇವನು ರೇಜರನ್ನು ಹಿಂದಕ್ಕೆ ತೆಗೆದ.

“ಭಾವ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು. ಆ ಸಿನಿಮಾ…”

“ಗೊತ್ತು.”

“ಏನು ಗೊತ್ತು?”

“ಅವತ್ತು ಲೈಟ್ ಹತ್ತಿದಾಗ ತಿರುಗಿ ನೋಡಿದೆ. ಕಿಟಕೀಲಿ ನೀವು ತಲೆ ಮೇಲೆ ಕೈ ಹೊತ್ಕೊಂಡು ನಿಂತಿದ್ರಿ. ಪಾಪು ಹುಟ್ಟೋ ದಿನ ಆಸ್ಪತ್ರೇಲೂ ನಿಮ್ಮ ಮುಖ ಅಷ್ಟು ಬೆಳ್ಳಗಾಗಿರ್ಲಿಲ್ಲ.” ಭಾವ ಕಣ್ಣು ಮುಚ್ಚಿಕೊಂಡೇ ಮಾತಾಡುತ್ತಿದ್ದ. “ಇನ್ನೇನು ಮಾಡ್ಲಿ? ಸೀಟಿ ಹೊಡೆದೆ. ಆಮೇಲೆ ಒಂದಕ್ಕೊಂದು ಸೇರ್ಕೊಂಡು ಇಲ್ಲಿಗೆ ಬಂತು.”

ಆಪರೇಟರನಿಗೆ ದುಃಖ ಉಕ್ಕಿ ಬಂತು. ಇಷ್ಟು ವರ್ಷ ಲೆಕ್ಕಕ್ಕಿಲ್ಲ ಅಂದುಕೊಂಡಿದ್ದನಲ್ಲ, ಆ ಭಾವ ಊರ ಮುಂದೆ ಪೆದ್ದನ ಹಾಗೆ ಮನಸ್ಸಿನ ಗಡ್ಡ ಅಂತ ಬಡಬಡಿಸಿದ್ದು ಇವನಿಗಾಗಿ. ಮೂಗು ಏರಿಸಿಕೊಂಡ ಸದ್ದು ಜೋರಾಗಿಯೇ ಕೇಳಿತು.

“ರೇಜರ್ ಹಿಡ್ಕೊಂಡು ಅಳಬೇಡಿ, ಮೀಸೆ ಜೊತೆ ಮೂಗೂ ಹೋದೀತು,” ಅಂದ ಭಾವ. ಆಮೇಲೆ, “ಅಲ್ಲಾ, ನಾನೂ ಸರಿಯಾಗಿ ನೋಡಿದ್ದು ಇವತ್ತೇ ನೋಡಿ. ನಾಯಿ ಸತ್ತಾಗ ಅಳು ತಡೆಯೋಕೆ ಆಗ್ಲಿಲ್ಲ. ಚೆನ್ನಾಗಿದೆ ಸಿನಿಮಾ,” ಅಂದ.

ಹೊರಗೆ ಶಟರ್ ಮೇಲೆ ಔಷಧಿಯವರು ದಬದಬ ಬಡಿಯುತ್ತಿದ್ದರು, ಆಯ್ತಾ ಆಯ್ತಾ ಅಂತ.

ಭಾವ ಒಂದು ಕಣ್ಣು ತೆರೆದು, ಕನ್ನಡಿಯಲ್ಲಿ ತನ್ನ ಅರ್ಧ ಮೀಸೆಯನ್ನೂ ಅದರ ಹಿಂದೆ ನಿಂತ ತಂಗಿಯ ಗಂಡನನ್ನೂ ನೋಡಿದ. “ಕತ್ತಲೆರಾಯರೇ, ಇನ್ನು ಮೇಲೆ ಮೊದಲಿನದು ಮೊದಲು, ಕೊನೇದು ಕೊನೇಲಿ ಹಾಕಿ. ನಾಲ್ಕನೇ ಭಾಗ ಬರೋ ಹೊತ್ತಿಗೆ ನನ್ನ ಹತ್ರ ಇನ್ನೊಂದು ಮೀಸೆ ಇರಲ್ಲ.”

ಆಪರೇಟರು ತೋಳಿನಲ್ಲಿ ಕಣ್ಣೊರೆಸಿಕೊಂಡು, ಇನ್ನರ್ಧಕ್ಕೆ ನೊರೆ ಹಚ್ಚಿದ.